ಕೊಲೆಸ್ಟ್ರಾಲ್ ಸೇರಿದ ಪೊರೆಗಳ ನಡುವಿನ ಬಲವನ್ನು ಅಳೆಯುವುದು ಹೇಗೆ?

ಪ್ರಶ್ನೆ: ಲಿಪಿಡ್ ಎಂಬ ಕೊಬ್ಬಿನಂಥ ಅಣುಗಳಿಂದಾದ ಪೊರೆಯ ದಪ್ಪವೇ ನಾಲ್ಕೈದು ನ್ಯಾನೊಮೀಟರ್. ಅಂಥ ಎರಡು ಪೊರೆಗಳು ಒಂದನ್ನೊಂದು ಎಷ್ಟು ತಳ್ಳುತ್ತವೆ, ಎಷ್ಟು ಸೆಳೆಯುತ್ತವೆ ಅಂತ ತಿಳಿಯುವುದು ಹೇಗೆ? ಕೊಲೆಸ್ಟ್ರಾಲ್ ಬೆರೆತರೆ ಏನು ಬದಲಾಗುತ್ತದೆ?

ಉತ್ತರ: ಅಳೆಯುವುದು ಸ್ಪ್ರಿಂಗ್‌ನಿಂದಲೇ. ಜೇಕಬ್ ಇಸ್ರೇಲಾಚ್‌ವಿಲಿ ಮತ್ತು ಸಂಗಡಿಗರು 1970ರ ದಶಕದಲ್ಲಿ ಬೆಳೆಸಿದ ಉಪಕರಣದಲ್ಲಿ ಅಭ್ರಕದ ಎರಡು ತೆಳು ಹಾಳೆಗಳಿರುತ್ತವೆ, ಅವುಗಳಲ್ಲೊಂದು ಸ್ಪ್ರಿಂಗ್ ಮೇಲೆ ಕೂತಿರುತ್ತದೆ. ಅಭ್ರಕವೇ ಯಾಕೆಂದರೆ, ಸೀಳಿದಾಗ ಅದರ ಮೈ ಅಣುಮಟ್ಟದಲ್ಲೂ ನುಣುಪು. ಹಾಳೆಗಳ ಬೆನ್ನಿಗೆ ಬೆಳ್ಳಿಯ ಲೇಪ, ಮುಖಕ್ಕೆ ಲಿಪಿಡ್ ಪೊರೆ. ಬಿಳಿ ಬೆಳಕು ಹಾಯಿಸಿದರೆ ಎರಡು ಬೆಳ್ಳಿ ಪದರಗಳ ನಡುವೆ ಪುಟಿದಾಡಿ ಕೆಲವೇ ತರಂಗಾಂತರಗಳು ಹೊರಬರುತ್ತವೆ. ಆ ಪಟ್ಟಿಗಳು ಸರಿದಾಡುವುದನ್ನು ನೋಡಿ ಅಂತರವನ್ನು ಸುಮಾರು 0.1 ನ್ಯಾನೊಮೀಟರ್‌ವರೆಗೂ ಓದಬಹುದು. ಮೋಟಾರು ಹಾಳೆಯನ್ನು 2 ನ್ಯಾನೊಮೀಟರ್ ಮುಂದೆ ದೂಡಿದಾಗ ಅಂತರ 1.5 ಮಾತ್ರ ಕಡಿಮೆಯಾದರೆ, ಉಳಿದ 0.5ರಷ್ಟು ಸ್ಪ್ರಿಂಗ್ ಬಾಗಿದೆ ಎಂದರ್ಥ. ಅದನ್ನು ಸ್ಪ್ರಿಂಗ್‌ನ ಬಿಗಿತದಿಂದ ಗುಣಿಸಿದರೆ ಬಲ ಎಷ್ಟು ಹೆಚ್ಚಿತೆಂದು ಸಿಗುತ್ತದೆ.

ಇನ್ನೊಂದು ದಾರಿಯಲ್ಲಿ ಯಂತ್ರ ಒತ್ತುವುದಿಲ್ಲ. ನೀರಲ್ಲಿ ಒಂದರ ಮೇಲೊಂದು ಕೂತ ಪೊರೆಗಳ ಸುತ್ತ ಡೆಕ್ಸ್‌ಟ್ರಾನ್‌ನಂಥ ದೊಡ್ಡ ಪಾಲಿಮರ್ ಬೆರೆಸುತ್ತಾರೆ. ಅದು ಸಂದಿಗೆ ನುಗ್ಗಲಾರದು, ನೀರನ್ನು ಮಾತ್ರ ಹೊರಗೆಳೆಯುತ್ತದೆ. ಪೊರೆಗಳು ಎಷ್ಟು ಹತ್ತಿರ ಬಂದವೆಂದು ಎಕ್ಸ್-ರೇ ಹೇಳುತ್ತದೆ.

ಕೊಲೆಸ್ಟ್ರಾಲ್ ವಿಷಯದಲ್ಲಿ ಈ ಎರಡರ ಉತ್ತರ ಒಂದೇ ಆಗಬೇಕಿಲ್ಲ. ಸ್ವತಂತ್ರ ಪೊರೆ ಸದಾ ಅಲುಗಾಡುತ್ತಿರುತ್ತದೆ, ಆ ಅಲುಗಾಟವೇ ಪಕ್ಕದ ಪೊರೆಯನ್ನು ದೂರ ತಳ್ಳುತ್ತದೆ. ಕೊಲೆಸ್ಟ್ರಾಲ್ ಅನೇಕ ಲಿಪಿಡ್‌ಗಳಲ್ಲಿ ಪೊರೆಯನ್ನು ಕೆಲವು ಪಟ್ಟು ಬಿಗಿಗೊಳಿಸಿ ಈ ತಳ್ಳುವಿಕೆಯನ್ನು ತಗ್ಗಿಸುತ್ತದೆ. ಆದರೆ ಅಭ್ರಕಕ್ಕೆ ಅಂಟಿದ ಪೊರೆ ಅಲುಗಾಡುವುದೇ ಇಲ್ಲ. ಅಲ್ಲಿ ಉಳಿಯುವುದು ವಾನ್ ಡರ್ ವಾಲ್ಸ್ ಸೆಳೆತ (ಅಣುಗಳ ನಡುವಿನ ದುರ್ಬಲ ಆಕರ್ಷಣೆ) ಮತ್ತು ಪೊರೆಯ ಮೈಗೆ ಅಂಟಿದ ನೀರಿನ ವಿಕರ್ಷಣೆಯಂಥ ಬಲಗಳು. (ಲಿಪಿಡ್ ಅಣುವಿಗೆ ಎರಡು ಉದ್ದ ಕೊಬ್ಬಿನ ಬಾಲಗಳಿರುತ್ತವೆ; ಎರಡೂ ಬಾಲಗಳಲ್ಲಿ ದ್ವಿಬಂಧವಿರುವ ಲಿಪಿಡ್‌ಗಳನ್ನು ಕೊಲೆಸ್ಟ್ರಾಲ್ ಬಿಗಿಗೊಳಿಸುತ್ತದೆಯೇ ಎಂಬುದರಲ್ಲಿ ವಿಧಾನಗಳ ನಡುವೆಯೇ ಜಗಳವಿದೆ.)

ನನ್ನ ಪ್ರಕಾರ ನಿಜವಾದ ತಲೆನೋವು ಸೊನ್ನೆಯನ್ನು ಎಲ್ಲಿಡುವುದು, ಅಂದರೆ ಅಂತರವನ್ನು ಎಲ್ಲಿಂದ ಎಣಿಸುವುದು ಎಂಬುದು. ಎಕ್ಸ್-ರೇ ಕೊಡುವುದು ಪೊರೆ ಮತ್ತು ನೀರು ಸೇರಿದ ಒಟ್ಟು ಅಳತೆ. ಎಷ್ಟೋ ಪೊರೆಗಳು ಕೊಲೆಸ್ಟ್ರಾಲ್ ಸೇರಿದರೆ ದಪ್ಪವೂ ಆಗುತ್ತವೆ. ಹಳೆಯ ದಪ್ಪವನ್ನೇ ಕಳೆದರೆ ನೀರಿನ ಪದರ ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ. ನೀರಿನ ವಿಕರ್ಷಣೆ ಪ್ರತಿ 0.1–0.3 ನ್ಯಾನೊಮೀಟರ್‌ಗೆ ಸುಮಾರು 2.7 ಪಟ್ಟು ಕುಸಿಯುವಂಥದ್ದು. ಹಾಗಾಗಿ ದಪ್ಪದಲ್ಲಿ 0.2ರಷ್ಟು ತಪ್ಪಿದರೂ ಬಲವೇ ಬದಲಾಯಿತೆಂಬ ತೀರ್ಮಾನಕ್ಕೆ ಬಂದುಬಿಡಬಹುದು.