ಹುಲ್ಲು ನೆಟ್ಟಗೆ ನಿಲ್ಲಲು ಹಿಡಿದ ಕಾಲ: ಮಾಡೆಲ್ ರೈಲಿನ ನೆಲದ ಕಥೆ

ಮಾಡೆಲ್ ರೈಲಿನ ಫೋಟೊ ಎಲ್ಲಾದರೂ ಕಂಡರೆ ಇಂಜಿನ್ ಬಿಟ್ಟು ಪಕ್ಕದ ನೆಲ ನೋಡಿ. ಇಂಜಿನ್ನಿನ ಮೈಮೇಲಿನ ರಿವೆಟ್‌ಗಳನ್ನು ಎಣಿಸಬಹುದು, ಬೋಗಿಯ ಕಿಟಕಿಯೊಳಗೆ ಸೀಟೂ ಕಾಣುತ್ತದೆ. ಆದರೂ ನೋಡಿದ ತಕ್ಷಣ ‘ಇದು ಆಟಿಕೆ’ ಅನ್ನಿಸಿದರೆ, ಹೆಚ್ಚಿನ ಸಲ ತಪ್ಪು ನೆಲದ್ದು. ಎಲ್ಲ ಕಡೆ ಒಂದೇ ಹಸಿರು, ಎಲ್ಲ ಕಡೆ ಒಂದೇ ಎತ್ತರ. ನಿಜವಾದ ಹಳಿ ಪಕ್ಕದಲ್ಲಿ ಅಂಥ ನೆಲ ಎಲ್ಲಿರುತ್ತೆ?

ಕಷ್ಟ ಇರುವುದು ಲೆಕ್ಕದಲ್ಲಿ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಎಚ್‌ಒ’ ಸ್ಕೇಲ್ ಅಂದರೆ 1:87. ಇಲ್ಲಿ 1 ಮಿಲಿಮೀಟರ್ ಅಂದರೆ ನಿಜದಲ್ಲಿ 8.7 ಸೆಂಟಿಮೀಟರ್. ಒಂದು ಮಿಲಿಮೀಟರಿನ ಮರದ ಪುಡಿ ಉದುರಿಸಿ ಅದನ್ನು ಹುಲ್ಲು ಅಂದರೆ, ಅಲ್ಲಿ ಬಿದ್ದಿರುವುದು ನಿಜಕ್ಕೂ ಮುಷ್ಟಿ ಗಾತ್ರದ ಹಸಿರು ಕಲ್ಲುಗಳು. ‘ಎನ್’ ಸ್ಕೇಲಿನಲ್ಲಿ, ಅಂದರೆ 1:160ರಲ್ಲಿ, ಅದೇ ಪುಡಿ 16 ಸೆಂಟಿಮೀಟರಿನ ಬಂಡೆ. ಇಂಜಿನ್ನನ್ನು ಅಳತೆಗೆ ಸರಿಯಾಗಿ ಎರಕ ಹೊಯ್ಯಬಹುದು. ಹುಲ್ಲಿನ ಎಸಳನ್ನು ಯಾರು ಎರಕ ಹೊಯ್ಯುತ್ತಾರೆ?

ಶುರುವಿನಲ್ಲಿ ಈ ತಲೆನೋವೇ ಇರಲಿಲ್ಲ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳಕ್ಕೆ ತಂದ ತಗಡಿನ ರೈಲುಗಳು ಓಡಿದ್ದು ಮನೆಯ ಜಮಖಾನದ ಮೇಲೆ. ಆಟ ಮುಗಿದ ಮೇಲೆ ಹಳಿ ಬಿಚ್ಚಿ ಡಬ್ಬಕ್ಕೆ ಹಾಕಿಡುವುದು, ಅಷ್ಟೇ. ಹಳಿಯನ್ನು ಮರದ ಹಲಗೆಗೆ ಕಾಯಂ ಆಗಿ ಬಡಿದು ಕೂರಿಸಿದ ಮೇಲೆ ನೆಲದ ಪ್ರಶ್ನೆ ಎದ್ದಿತು. 1930ರ ದಶಕದ ಹೊತ್ತಿಗೆ ಇದು ದೊಡ್ಡವರ ಹವ್ಯಾಸವಾಗಿತ್ತು. ಅಮೆರಿಕದ ಮಿಲ್ವಾಕಿಯಲ್ಲಿ 1934ರಲ್ಲಿ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆ ಶುರುವಾಯಿತು. ಮರುವರ್ಷ ಅದೇ ಊರಿನಲ್ಲಿ ಹವ್ಯಾಸಿಗಳ ರಾಷ್ಟ್ರೀಯ ಸಂಘವೂ ಹುಟ್ಟಿತು. ಹಳಿಯ ಅಗಲ, ಚಕ್ರದ ಅಂಚು ಎಷ್ಟಿರಬೇಕು ಅಂತ ಸಂಘ ನಿಯಮ ಮಾಡಿತು. ಹುಲ್ಲಿಗೆ ಯಾವ ನಿಯಮವೂ ಇರಲಿಲ್ಲ.

ಹಾಗಾಗಿ ಕೈಗೆ ಸಿಕ್ಕಿದ್ದೇ ಹುಲ್ಲಾಯಿತು. ಸಿಕ್ಕಿದ್ದು ಮರದ ಪುಡಿ. ಮಿಲ್ಲಿನಿಂದ ತಂದು, ಜರಡಿ ಹಿಡಿದು, ಹಸಿರು ಬಣ್ಣದಲ್ಲಿ ನೆನೆಸಿ ಒಣಗಿಸಿ, ಹಸಿ ಬಣ್ಣದ ಮೇಲೋ ಅಂಟಿನ ಮೇಲೋ ಉದುರಿಸುವುದು. ದಸರಾಕ್ಕೆ ಬೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಪಾರ್ಕ್ ಮಾಡುತ್ತಾರಲ್ವಾ, ಹೆಚ್ಚುಕಮ್ಮಿ ಅದೇ ಸಾಮಾನು, ಅದೇ ವಿಧಾನ. ಪೊದೆಗಳಿಗೆ ನಾರ್ವೆ ಕಡೆಯ ಕಲ್ಲುಹೂವು ಬಂತು. ಒಣಗಿ ಪುಡಿಯಾಗದಂತೆ ಅದನ್ನು ಗ್ಲಿಸರಿನ್‌ನಲ್ಲಿ ನೆನೆಸಿ, ಬಣ್ಣ ಹಾಕಿ ಮಾರುತ್ತಿದ್ದರು. ಹಲವು ದಶಕ ಇದೇ ನಡೆಯಿತು. ಹಳೆಯ ಲೇಔಟ್‌ಗಳ, ಅಂದರೆ ಹಲಗೆ ಮೇಲೆ ಹಳಿ, ನೆಲ, ಬೆಟ್ಟ ಎಲ್ಲ ಕೂರಿಸಿದ ಮಾಡೆಲ್‌ಗಳ ಫೋಟೊಗಳಲ್ಲಿ ಆ ಗಾಢ ಹಸಿರು ಕಂಡರೆ ಯಾವ ಕಾಲದ್ದು ಅಂತ ತಕ್ಷಣ ಗೊತ್ತಾಗುತ್ತದೆ.

ಮೊದಲು ಬಿಡಿಸಿಕೊಂಡ ಗಂಟು ಬಣ್ಣದ್ದು. 1960ರ ದಶಕದಲ್ಲಿ ಮಾಡೆಲ್ ರೈಲ್‌ರೋಡರ್ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಎರಡು ಕೆಲಸ ಮಾಡಿದರು. ಒಂದು, ಕಾಗದದ ಟವೆಲ್ಲನ್ನು ಗಟ್ಟಿ ಪ್ಲಾಸ್ಟರ್‌ನಲ್ಲಿ ಅದ್ದಿ ಹೊದಿಸಿ ತೆಳು ಚಿಪ್ಪಿನಂಥ ಬೆಟ್ಟ ಮಾಡುವ ‘ಹಾರ್ಡ್‌ಶೆಲ್’ ವಿಧಾನವನ್ನು ಎಲ್ಲರಿಗೂ ತಲುಪಿಸಿದ್ದು. ಇನ್ನೊಂದು ‘ಜಿಪ್ ಟೆಕ್ಸ್ಚರಿಂಗ್’. ಒಣ ಪ್ಲಾಸ್ಟರ್ ಪುಡಿಗೆ ಬಣ್ಣದ ಪುಡಿ ಬೆರೆಸಿ, ಒದ್ದೆ ಮೇಲ್ಮೈ ಮೇಲೆ ಉದುರಿಸಿ, ಮೇಲಿಂದ ನೀರು ಸಿಂಪಡಿಸುವುದು. ಪುಡಿ ಅಲ್ಲೇ ಗಟ್ಟಿಯಾಗುತ್ತದೆ. ನನ್ನ ಪ್ರಕಾರ ದೊಡ್ಡ ತಿರುವು ಇದೇ. ನೆಲ ಅಂದರೆ ಮೊದಲು ಮಣ್ಣು, ಆಮೇಲೆ ಹುಲ್ಲು ಅನ್ನುವ ಯೋಚನೆ ಬಂದಿದ್ದು ಇಲ್ಲಿ. ಕಂದು, ಬೂದು, ಹಳದಿ ಮೊದಲು. ಹಸಿರು ಕೊನೆಗೆ, ಅದೂ ಅಲ್ಲಲ್ಲಿ.

ಅದೇ ಕಾಲದ ಒಂದು ಭಯದ ಸಂಗತಿಯೂ ಇದೆ. ಆಗಿನ ಪ್ಲಾಸ್ಟರ್ ಮಿಶ್ರಣಗಳಿಗೆ ಕಲ್ನಾರಿನ ಪುಡಿ ಸೇರಿಸುವುದು ಮಾಮೂಲಿಯಾಗಿತ್ತು. ಬಿರುಕು ಬಿಡಲ್ಲ, ಚೆನ್ನಾಗಿ ಅಂಟುತ್ತೆ ಅಂತ. ಅದು ಶ್ವಾಸಕೋಶಕ್ಕೆ ಏನು ಮಾಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಾದ ಮೇಲೆ ಕಾಗದದ ತಿರುಳಿನ ಮಿಶ್ರಣಗಳು ಅದರ ಜಾಗಕ್ಕೆ ಬಂದವು. ಯಾರದ್ದಾದರೂ ಹಳೆಯ ಲೇಔಟ್ ಒಡೆಯುವ ಕೆಲಸ ಬಂದರೆ ಮುಖಕ್ಕೆ ಒಳ್ಳೆ ಮಾಸ್ಕ್ ಇಲ್ಲದೆ ಕೈ ಹಾಕಬೇಡಿ.

1970ರ ದಶಕದಲ್ಲಿ ಫೋಮ್ ಬಂತು. ಪಾಲಿಯುರೆಥೇನ್ ಸ್ಪಂಜಿಗೆ ಬಣ್ಣ ಹಾಕಿ ಅರೆದು ಮಾಡಿದ ಪುಡಿ. ಹವ್ಯಾಸಿಗಳು ಮನೆಯ ಮಿಕ್ಸಿಯಲ್ಲೂ ಅರೆದಿದ್ದಾರೆ. ಅಮೆರಿಕದ ವುಡ್‌ಲ್ಯಾಂಡ್ ಸೀನಿಕ್ಸ್ ಇದನ್ನು ಪೊಟ್ಟಣ ಕಟ್ಟಿ ಅಂಗಡಿ ಅಂಗಡಿಗೆ ಮುಟ್ಟಿಸಿತು. ಅದರ ಪೊಟ್ಟಣಗಳ ಹೆಸರು ನೋಡಿದರೆ ಬದಲಾವಣೆ ತಿಳಿಯುತ್ತದೆ: ಮಣ್ಣು, ಸುಟ್ಟ ಹುಲ್ಲು, ಹಳದಿ ಹುಲ್ಲು, ಕಳೆ. ಹಸಿರು ಹುಲ್ಲು ಅನ್ನುವುದು ಹಲವು ಬಣ್ಣಗಳಲ್ಲಿ ಒಂದು ಮಾತ್ರ. ಫೋಮ್‌ನ ಚೂರುಗಳಿಗೆ ರಂಧ್ರಗಳಿರುವುದರಿಂದ ಬೆಳಕು ಅದರ ಮೇಲೆ ಮರದ ಪುಡಿಯ ಹಾಗೆ ಮಂಕಾಗಿ ಬೀಳುವುದಿಲ್ಲ. ಸಣ್ಣ ನೆರಳುಗಳು ಹುಟ್ಟುತ್ತವೆ, ದೂರಕ್ಕೆ ಎಲೆಗಳ ಹಾಗೇ ಕಾಣುತ್ತದೆ.

ಆದರೆ ಪ್ರತಿ ಸಲ ಆಗುವುದು ಇಲ್ಲೂ ಆಯಿತು. ಹೊಸದು ಸಿಕ್ಕಿತು ಅಂತ ಎಲ್ಲರೂ ಎಲ್ಲ ಕಡೆಗೂ ಅದನ್ನೇ ಹಾಕಿದರು. ಬಣ್ಣ ಸರಿಹೋಯಿತು, ಎತ್ತರ ಬರಲಿಲ್ಲ. ಫೋಮ್ ಮಲಗಿರುತ್ತದೆ, ಹುಲ್ಲು ನಿಂತಿರುತ್ತದೆ.

ಹುಲ್ಲನ್ನು ನಿಲ್ಲಿಸಿದ್ದು ಕರೆಂಟು. ಒಡವೆ ಪೆಟ್ಟಿಗೆಯ ಒಳಗೆ ಮಖಮಲ್ಲಿನಂಥ ಹೊದಿಕೆ ಇರುತ್ತದಲ್ಲ, ಅದರಲ್ಲಿ ಬಹಳಷ್ಟು ನೇಯ್ದಿದ್ದಲ್ಲ. ಅಂಟು ಬಳಿದು, ಸಣ್ಣ ನೂಲಿನ ಎಳೆಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ಹಾರಿಸಿ ನೆಟ್ಟಿದ್ದು. ಜರ್ಮನಿಯ ನೋಖ್‌ನಂಥ ಕಂಪನಿಗಳು ಇದೇ ವಿದ್ಯೆಯನ್ನು ಹವ್ಯಾಸಿಗಳ ಕೈಗೆ ತಂದವು. ಉಪಕರಣ ಸರಳ: ತಳದಲ್ಲಿ ಲೋಹದ ಜಾಲರಿ ಇರುವ ಒಂದು ಡಬ್ಬಿ, ಅದರೊಳಗೆ ನೈಲಾನ್ ಎಳೆಗಳು. ಒಂದು ವೈರು ಜಾಲರಿಗೆ. ಇನ್ನೊಂದು ವೈರಿನ ತುದಿಯ ಕ್ಲಿಪ್ಪನ್ನು ಹಸಿ ಅಂಟಿನಲ್ಲಿ ಚುಚ್ಚಿದ ಮೊಳೆಗೆ. ಡಬ್ಬಿ ಅಲ್ಲಾಡಿಸಿದರೆ ಎಳೆಗಳು ಜಾಲರಿಯಿಂದ ಚಾರ್ಜ್ ಹೊತ್ತು ಕೆಳಗೆ ಚಿಮ್ಮುತ್ತವೆ, ತುದಿ ಕೆಳಗಾಗಿ ಅಂಟಿಗೆ ನಾಟಿಕೊಳ್ಳುತ್ತವೆ. ಎಲ್ಲ ಎಳೆಗಳದ್ದೂ ಒಂದೇ ಚಾರ್ಜ್ ಆದ್ದರಿಂದ ಒಂದನ್ನೊಂದು ತಳ್ಳುತ್ತಾ ನೆಟ್ಟಗೆ ನಿಲ್ಲುತ್ತವೆ. ಅಂಟು ಒಣಗಿಬಿಟ್ಟರೆ ಎಳೆ ನಾಟುವುದಿಲ್ಲ, ಹಾಗಾಗಿ ಅಂಗೈಯಗಲದ ಜಾಗ ಮಾಡಿ ಮುಂದಕ್ಕೆ ಹೋಗಬೇಕು. ಎಳೆ 2 ಮಿ.ಮೀ. ಇದ್ದರೆ ಎಚ್‌ಒ ಲೆಕ್ಕದಲ್ಲಿ ದನ ಮೇಯ್ದು ಬಿಟ್ಟ, ಗೇಣಿಗೆ ಕೊಂಚ ಕಮ್ಮಿಯ ಹುಲ್ಲು. 12 ಮಿ.ಮೀ. ಇದ್ದರೆ ಒಂದು ಮೀಟರ್ ದಾಟಿದ ಕಾಡುಹುಲ್ಲು.

ದುಬಾರಿ ಉಪಕರಣ ಯಾಕೆ ಅಂತ ಹವ್ಯಾಸಿಗಳು ಸೊಳ್ಳೆ ಬ್ಯಾಟ್ ಬಿಚ್ಚಿ, ಅದರ ಸರ್ಕ್ಯೂಟಿಗೆ ಟೀ ಸೋಸುವ ಜಾಲರಿ ಜೋಡಿಸಿ ಇದೇ ಕೆಲಸ ಮಾಡಿಕೊಂಡಿದ್ದಾರೆ. ಬ್ಯಾಟಿನ ವೋಲ್ಟೇಜ್ ಕಮ್ಮಿ, ಉದ್ದ ಎಳೆಗಳು ಓರೆಯಾಗುತ್ತವೆ. ಸಣ್ಣ ಹುಲ್ಲಿಗೆ ಸಾಕು. ಕೈಗೆ ಶಾಕ್ ಹೊಡೆಯುತ್ತೆ ಅನ್ನುವುದನ್ನು ಮರೆಯಬಾರದು.

ಈಗ ನೋಡಿದರೆ ಈ ನಿಂತ ಹುಲ್ಲೂ ಅತಿಯಾಗಿದೆ. ಎಷ್ಟೋ ಲೇಔಟ್‌ಗಳಲ್ಲಿ ಮಣ್ಣೇ ಕಾಣುವುದಿಲ್ಲ. ಚೆನ್ನಾಗಿ ಮಾಡುವವರು ಎರಡು ಮೂರು ಉದ್ದದ, ಮೂರು ನಾಲ್ಕು ಬಣ್ಣದ ಎಳೆ ಬೆರೆಸುತ್ತಾರೆ, ನಡುನಡುವೆ ಫೋಮ್ ಉದುರಿಸುತ್ತಾರೆ, ಕಾಲುದಾರಿಯ ಜಾಗ ಬೋಳಾಗಿ ಬಿಡುತ್ತಾರೆ. ಆ ಬೋಳು ಜಾಗಕ್ಕೆ ಹಾಕುವುದು ನಿಜವಾದ ಮಣ್ಣನ್ನೇ. ಎಂಬತ್ತು ತೊಂಬತ್ತು ವರ್ಷ ಸುತ್ತಾಡಿ ಬಂದು ನಿಂತಿದ್ದು ಹಿತ್ತಲಿನ ಮಣ್ಣಿನಲ್ಲಿ, ನನಗಂತೂ ಇದು ತಮಾಷೆಯಾಗಿ ಕಾಣುತ್ತದೆ.

ಮಣ್ಣು ಬಿಟ್ಟಿ ಸಿಗುತ್ತದೆ ಅಂತ ಸುಮ್ನೆ ಸುರಿಯುವಂತಿಲ್ಲ. ಒವನ್ನಿನಲ್ಲಿ ಬಿಸಿ ಮಾಡಿ ಹುಳು, ಬೂಷ್ಟು ಸಾಯಿಸಬೇಕು. ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಬೇಕು. ಆಮೇಲೆ ಆಯಸ್ಕಾಂತ ಆಡಿಸಬೇಕು, ಇದನ್ನು ಬಿಟ್ಟವರು ಆಮೇಲೆ ಪಡಬಾರದ ಪಾಡು ಪಡುತ್ತಾರೆ: ಮಣ್ಣಿನಲ್ಲಿರುವ ಕಬ್ಬಿಣದ ಕಣಗಳನ್ನು ಇಂಜಿನ್ನಿನ ಮೋಟಾರಿನ ಆಯಸ್ಕಾಂತ ಎಳೆದುಕೊಳ್ಳುತ್ತದೆ, ಮೋಟಾರು ಹಾಳಾಗುತ್ತದೆ. ಅಂಟಿಸಲು ಬಿಳಿ ಫೆವಿಕಾಲ್‌ಗೆ ಅಷ್ಟೇ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್. ಆ ತೊಟ್ಟು ಹಾಕದಿದ್ದರೆ ಅಂಟು ಪುಡಿಯ ಮೇಲೆ ಮುತ್ತಿನಂತೆ ಉರುಳುತ್ತದೆ, ಒಳಗಿಳಿಯುವುದಿಲ್ಲ.

ನಮ್ಮ ಕಡೆಯ ಹಳಿ ಮಾಡಹೊರಟವರಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಜರ್ಮನಿಯಿಂದ ಬರುವ ಪೊಟ್ಟಣದಲ್ಲಿರುವುದು ಅಲ್ಲಿನ ಹುಲ್ಲುಗಾವಲು. ಕೊಂಕಣ ರೈಲಿನ ಜಂಬಿಟ್ಟಿಗೆ ಕಲ್ಲಿನ ಕೊರಕಲನ್ನೋ, ಗದಗ ಕಡೆಯ ಎರೆ ಹೊಲವನ್ನೋ ಅದರಲ್ಲಿ ತೋರಿಸಲಾಗದು. ಕೆಂಪು ಮಣ್ಣನ್ನು ಅಲ್ಲಿಂದಲೇ ತಂದು ಸೋಸಿಕೊಳ್ಳುವುದು ವಾಸಿ. ಎರೆ ಮಣ್ಣಿನದ್ದು ಬೇರೆ ರಗಳೆ. ಅಂಟು ಕುಡಿದು ಒಣಗುವಾಗ ಬಿರುಕು ಬಿಡುತ್ತದೆ, ಮತ್ತು ಆ ಬಿರುಕು ಎಚ್‌ಒ ಲೆಕ್ಕದಲ್ಲಿ ಆಳು ಇಳಿಯುವಷ್ಟು ಅಗಲ. ಅದಕ್ಕೆ ಸಣ್ಣ ಮರಳು ಬೆರೆಸಿ, ತೆಳುವಾಗಿ ಎರಡು ಪದರ ಹಾಕಬೇಕು. ಅಂಟು ಹೀರಿದ ಮಣ್ಣಿನ ಬಣ್ಣ ಒಣಗಿದ ಮೇಲೂ ಒಂದು ಛಾಯೆ ಗಾಢವಾಗಿಯೇ ಉಳಿಯುತ್ತದೆ. ಹಾಗಾಗಿ ಮೊದಲು ಒಂದು ಹಲಗೆ ಚೂರಿನ ಮೇಲೆ ಹಾಕಿ, ರಾತ್ರಿ ಒಣಗಲು ಬಿಟ್ಟು, ಬೆಳಿಗ್ಗೆ ನೋಡಿ ಆಮೇಲೆ ಲೇಔಟಿಗೆ ಹಾಕಿ.