ಅವರೆಕಾಳಿನಿಂದ ಪ್ರೋಟೀನ್ ತೆಗೆಯುವುದು: ಹುಳಿ ಜಾಸ್ತಿಯಾದರೆ ಯಾಕೆ ಕರಗಿಹೋಗುತ್ತೆ?

ಮೊನ್ನೆ ನನ್ನ ಬೀಕರಿನಲ್ಲಿ ಒಂದು ಕಣ್ಕಟ್ಟು ನಡೆಯಿತು. ಅವರೆ ಹಿಟ್ಟಿನಿಂದ ತೆಗೆದ ತಿಳಿ ಹಳದಿ ನೀರಿಗೆ ಆಸಿಡ್ ಹನಿ ಹಾಕುತ್ತಾ ಹೋದೆ. ನೀರು ಮೊದಲು ಮಬ್ಬಾಯಿತು. ಆಮೇಲೆ ಒಡೆದ ಹಾಲಿನಂತೆ ಚೂರು ಚೂರಾಯಿತು. ಖುಷಿಯಾಯಿತು. ಇನ್ನೊಂಚೂರು ಹಾಕಿದರೆ ಉಳಿದಿದ್ದೂ ಬೀಳುತ್ತೆ ಅಂದುಕೊಂಡು ಪೈಪೆಟ್ ಒತ್ತಿದೆ. ಮತ್ತೆ ಒತ್ತಿದೆ. ನೋಡನೋಡುತ್ತಾ ಚೂರುಗಳು ಸಣ್ಣಗಾದವು, ನೀರು ಮತ್ತೆ ತಿಳಿಯಾಯಿತು. ಪ್ರೋಟೀನ್ ಮಾಯ.

ಪಕ್ಕದ ಟೇಬಲ್ಲಿನ ಸೀನಿಯರ್ ಅಕ್ಕ ಬಗ್ಗಿ ನೋಡಿದರು. "ಎಷ್ಟಕ್ಕೆ ಇಳಿಸಿದೆಯೋ?"

"ಪಿಎಚ್ 2.6 ಅಕ್ಕ." (ಪಿಎಚ್ ಅಂದರೆ ಹುಳಿಯ ಅಳತೆ: 7 ನಡುಮಟ್ಟ, ಇಳಿದಷ್ಟೂ ಹುಳಿ, ಏರಿದಷ್ಟೂ ಕ್ಷಾರ.)

"ಮತ್ತೆ ಕರಗದೆ ಇನ್ನೇನು ಮಾಡುತ್ತೆ? ಹಿಂದಕ್ಕೆ ಬಾ."

ಆ "ಹಿಂದಕ್ಕೆ ಬಾ" ಅರ್ಥವಾಗಲು ನನಗೆ ಎರಡು ದಿನ ಹಿಡಿಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಇದೇ ಪಾಠ ಓದುತ್ತಿರುವ ನಿಮಗೂ ಆಗಬಹುದು.

ಅವರೆಯೇ ಯಾಕೆ

ಹಾಸನದಲ್ಲಿ ಈ ಪ್ರಶ್ನೆ ಯಾರೂ ಕೇಳಲ್ಲ. ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋದರೆ ಒಣ ಅವರೆಕಾಳು ಸಿಗುತ್ತೆ, ಅಷ್ಟೇ ಕಾರಣ. ಪಾಠದ ದೃಷ್ಟಿಯಿಂದ ಹೇಳುವುದಾದರೆ, ಒಣಕಾಳಿನಲ್ಲಿ ತೂಕದ ಕಾಲು ಭಾಗದ ಆಸುಪಾಸು ಪ್ರೋಟೀನ್ ಇರುತ್ತೆ. ಎಣ್ಣೆ ತೀರಾ ಕಡಿಮೆ. ಹಾಗಾಗಿ ಸೋಯಾ ಅಥವಾ ಕಡಲೆಕಾಯಿಗೆ ಮಾಡುವಂತೆ ಹೆಕ್ಸೇನ್ ಅನ್ನುವ ದ್ರಾವಕ ಹಾಕಿ ಮೊದಲು ಎಣ್ಣೆ ತೆಗೆಯುವ ಗೋಜಿಲ್ಲ. ಆದರೆ ಪಿಷ್ಟ ಜಾಸ್ತಿ. ಅದೇ ಇಲ್ಲಿ ತಲೆನೋವು.

ಸಿಪ್ಪೆ ತೆಗೆಯಬೇಕು. ಹಿತಕಿದ ಬೇಳೆ ಮಾಡಿ ಗೊತ್ತಿದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನೆನೆಸಿ, ಹಿತುಕಿ, ಚೆನ್ನಾಗಿ ಒಣಗಿಸಿ, ನುಣ್ಣಗೆ ಬೀಸಿ. ಸಿಪ್ಪೆಯಲ್ಲಿ ನಾರು, ಬಣ್ಣ, ಒಗರು ಎಲ್ಲ ಇರುತ್ತೆ. ಬಿಟ್ಟರೆ ಕೊನೆಗೆ ಬರುವ ಪುಡಿ ಮಣ್ಣಿನ ಬಣ್ಣಕ್ಕೆ ತಿರುಗುತ್ತೆ. ಒಂದು ಎಚ್ಚರಿಕೆ: ಬೇಯಿಸದ ಒಣಕಾಳಿನಲ್ಲಿ ಸಯನೈಡ್ ಬಿಡುವ ಸಂಯುಕ್ತಗಳೂ, ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಟ್ರಿಪ್ಸಿನ್ ಇನ್‌ಹಿಬಿಟರ್‌ಗಳೂ ಇರುತ್ತವೆ. ಹಿಟ್ಟನ್ನು ಹಸಿಯಾಗಿ ಬಾಯಿಗೆ ಹಾಕಿ ರುಚಿ ನೋಡಬೇಡಿ.

ದಾರಿ ಇಷ್ಟೇ

ಒಂದು ಪಾಲು ಹಿಟ್ಟಿಗೆ ಹತ್ತು ಪಾಲು ನೀರು. ಸೋಡಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಪಿಎಚ್ 9ರ ಹತ್ತಿರ ತನ್ನಿ, ಒಂದು ಗಂಟೆ ಕದಡಿ. ಪ್ರೋಟೀನ್ ನೀರಿಗೆ ಇಳಿಯುತ್ತೆ. ಸೆಂಟ್ರಿಫ್ಯೂಜಿನಲ್ಲಿ (ಗಿರಗಿರನೆ ಸುತ್ತಿಸಿ ಭಾರದ್ದನ್ನು ತಳಕ್ಕೆ ಕೂರಿಸುವ ಯಂತ್ರ) ತಿರುಗಿಸಿದರೆ ಪಿಷ್ಟ, ನಾರು ತಳಕ್ಕೆ ಕೂರುತ್ತೆ, ಪ್ರೋಟೀನ್ ಇರುವ ನೀರು ಮೇಲೆ ನಿಲ್ಲುತ್ತೆ. ಆ ನೀರನ್ನು ಬಸಿದು, ಆಸಿಡ್ ಹಾಕಿ 4.5ಕ್ಕೆ ಇಳಿಸಿ. ಪ್ರೋಟೀನ್ ಬೀಳುತ್ತೆ. ಮತ್ತೆ ತಿರುಗಿಸಿ, ಬಿದ್ದಿದ್ದನ್ನು ತೊಳೆದು, 7ಕ್ಕೆ ತಂದು, ಒಣಗಿಸಿ.

ನೀರು ಬೆಚ್ಚಗಿದ್ದರೆ ಬೇಗ ಆಗುತ್ತೆ ಅಂತ ನಾನು ಒಂದು ಸಲ ಬಿಸಿನೀರು ಹಾಕಿದೆ. ಬೀಕರ್ ತುಂಬಾ ಗಂಜಿ. ಪಿಷ್ಟ ಬಿಸಿಗೆ ನೀರು ಹೀರಿ ಊದಿಕೊಳ್ಳುತ್ತೆ, ಆಮೇಲೆ ಯಾವ ಸೆಂಟ್ರಿಫ್ಯೂಜೂ ಅದನ್ನು ಬೇರೆ ಮಾಡಲ್ಲ. ಮಾಮೂಲಿ ನೀರೇ ಸಾಕು.

ಇನ್ನು 9 ಯಾಕೆ, 12 ಯಾಕಲ್ಲ? 12ಕ್ಕೆ ಏರಿಸಿದರೆ ಇನ್ನಷ್ಟು ಪ್ರೋಟೀನ್ ಬರುತ್ತೆ, ನಿಜ. ಆದರೆ ಬಣ್ಣ ಕಪ್ಪಾಗುತ್ತೆ. ಲೈಸಿನ್ ಅನ್ನುವ ಮುಖ್ಯ ಅಮೈನೋ ಆಮ್ಲದ ಒಂದಷ್ಟು ಭಾಗ ಲೈಸಿನೋಅಲನಿನ್ ಆಗಿ ಹಾಳಾಗುತ್ತೆ. ಕಾಳಿನ ಪ್ರೋಟೀನಿನ ದೊಡ್ಡ ಗುಣವೇ ಲೈಸಿನ್. ಅಕ್ಕಿ, ರಾಗಿಯಲ್ಲಿ ಕಮ್ಮಿ ಇರುವುದನ್ನು ಇದು ತುಂಬಿಕೊಡುತ್ತೆ. ಮುದ್ದೆ ಜೊತೆ ಅವರೆಕಾಳು ಸಾರು ಸುಮ್ನೆ ಬಂದಿದ್ದಲ್ಲ. ಅದನ್ನೇ ಕಳೆದುಕೊಂಡು ಪುಡಿ ಜಾಸ್ತಿ ಮಾಡಿ ಏನು ಬಂತು?

ನಾನು ಎಡವಿದ ಜಾಗ

ನನ್ನ ತಲೆಯಲ್ಲಿ ಇದ್ದದ್ದು ಇಷ್ಟು: "ಹುಳಿ ಹಾಕಿದರೆ ಪ್ರೋಟೀನ್ ಒಡೆಯುತ್ತೆ." ಮನೆಯಲ್ಲಿ ಹಾಲಿಗೆ ನಿಂಬೆಹಣ್ಣು ಹಿಂಡುವುದನ್ನು ನೋಡಿ ಬಂದ ತಿಳುವಳಿಕೆ. ಇದು ಅರ್ಧ ಸತ್ಯ. ಪ್ರೋಟೀನ್ ಬೀಳಲು ಹುಳಿ ಕಾರಣವಲ್ಲ. ಪ್ರೋಟೀನಿನ ಮೈಮೇಲಿನ ಪ್ಲಸ್, ಮೈನಸ್ ಕೂಡಿದ ಒಟ್ಟು ವಿದ್ಯುದಂಶ ಸೊನ್ನೆಯಾಗುವುದು ಕಾರಣ. ಹುಳಿ ಆ ಸೊನ್ನೆಗೆ ಕರೆದುಕೊಂಡು ಹೋಗುವ ಬಸ್ಸು ಮಾತ್ರ. ನಮ್ಮ ಸ್ಟಾಪ್ ಬಂದಾಗ ಇಳಿಯದಿದ್ದರೆ ಬಸ್ಸು ಮುಂದಿನ ಊರಿಗೆ ಹೋಗುತ್ತೆ.

ಲೆಕ್ಕ ಮಾಡಿಯೇ ನೋಡೋಣ. ನನಗೆ ಅರ್ಥವಾಗಿದ್ದು ಹೀಗೆ. ಒಂದು ಪುಟ್ಟ ಪ್ರೋಟೀನ್ ಅಂದುಕೊಳ್ಳಿ. ಅದರ ಮೈಮೇಲೆ 10 ಆಮ್ಲದ ಗುಂಪುಗಳಿವೆ (ಕಾರ್ಬಾಕ್ಸಿಲ್), 6 ಅಮೈನೋ ಗುಂಪುಗಳಿವೆ. ಕಾಳಿನ ಪ್ರೋಟೀನಿನಲ್ಲಿ ಆಮ್ಲದ ಕಡೆಯವರೇ ಜಾಸ್ತಿ, ಅದಕ್ಕೆ 10 ಮತ್ತು 6 ಅಂತ ಹಿಡಿದೆ. ಹಿಸ್ಟಿಡಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲದ ಲೆಕ್ಕ ಇಲ್ಲಿ ಬೇಕಂತಲೇ ಬಿಟ್ಟಿದ್ದೇನೆ, ಅದು ಬಂದರೆ ತಲೆ ಕೆಡುತ್ತೆ.

ಪಿಎಚ್ 9ರಲ್ಲಿ: ಹತ್ತೂ ಆಮ್ಲದ ಗುಂಪುಗಳು ತಮ್ಮ ಹೈಡ್ರೋಜನ್ ಬಿಟ್ಟುಕೊಟ್ಟಿವೆ. ಹಾಗಾಗಿ ಮೈನಸ್ 10. ಅಮೈನೋ ಗುಂಪುಗಳು ಪ್ಲಸ್ 6. ಒಟ್ಟು ಮೈನಸ್ 4. ಬೀಕರಿನಲ್ಲಿರುವ ಎಲ್ಲ ಪ್ರೋಟೀನುಗಳೂ ಮೈನಸ್ಸೇ, ಒಂದನ್ನೊಂದು ದೂಡುತ್ತವೆ. ಹತ್ತಿರ ಬರಲ್ಲ. ನೀರಿನಲ್ಲಿ ತೇಲಾಡಿಕೊಂಡು ಇರುತ್ತವೆ. ನಾವು "ಕರಗಿದೆ" ಅನ್ನುವುದು ಇದಕ್ಕೇ.

ಈಗ ಆಸಿಡ್ ಹಾಕಿ 4.5ಕ್ಕೆ ಬನ್ನಿ. ನೀರಿನಲ್ಲಿ ಹೈಡ್ರೋಜನ್ ಅಯಾನು ಜಾಸ್ತಿಯಾಗುತ್ತೆ. ಹತ್ತರಲ್ಲಿ ನಾಲ್ಕು ಆಮ್ಲದ ಗುಂಪುಗಳು ಅದನ್ನು ಹಿಡಿದುಕೊಂಡು ತಣ್ಣಗಾದವು ಅನ್ನಿ. ಉಳಿದದ್ದು ಮೈನಸ್ 6. ಅಮೈನೋದು ಪ್ಲಸ್ 6. ಒಟ್ಟು ಸೊನ್ನೆ. ದೂಡಾಟ ನಿಂತಿತು. ಪಕ್ಕಪಕ್ಕ ಬಂದವು, ಅಂಟಿಕೊಂಡವು, ಭಾರವಾಗಿ ಬಿದ್ದವು. ಇದೇ ಸಮವಿದ್ಯುತ್ ಬಿಂದು. ಲ್ಯಾಬಿನಲ್ಲಿ ಎಲ್ಲರೂ ಪಿಐ ಅನ್ನುತ್ತಾರೆ. ಸೋಯಾ, ಬಟಾಣಿ, ಅವರೆ ಎಲ್ಲದರ ಮುಖ್ಯ ಪ್ರೋಟೀನಿಗೂ ಇದು 4ರಿಂದ 5ರ ನಡುವೆ. ಹಾಲಿನ ಕೇಸಿನ್‌ಗೆ 4.6.

ಇಲ್ಲೇ ನಿಲ್ಲಬೇಕಿತ್ತು. ನಾನು ನಿಲ್ಲಲಿಲ್ಲ.

2.6ಕ್ಕೆ ಬಂದಾಗ ಏನಾಯಿತು? ಹತ್ತರಲ್ಲಿ ಒಂಬತ್ತು ಆಮ್ಲದ ಗುಂಪುಗಳು ಹೈಡ್ರೋಜನ್ ಹಿಡಿದುಕೊಂಡವು. ಮೈನಸ್ ಬರೀ 1. ಪ್ಲಸ್ 6 ಹಾಗೇ ಇದೆ. ಒಟ್ಟು ಪ್ಲಸ್ 5. ಈಗ ಎಲ್ಲವೂ ಪ್ಲಸ್, ಮತ್ತೆ ದೂಡಾಟ ಶುರು, ಮತ್ತೆ ನೀರಿಗೆ. ಗಮನಿಸಿ: 9ರಲ್ಲಿ ಕರಗಿದ್ದು ಮೈನಸ್ಸಿನಿಂದ, 2.6ರಲ್ಲಿ ಕರಗಿದ್ದು ಪ್ಲಸ್ಸಿನಿಂದ. ನೋಡಲು ಎರಡೂ ಒಂದೇ ತಿಳಿ ನೀರು. ಪಿಎಚ್ ಒಂದು ಕಡೆ, ಕರಗುವಿಕೆ ಇನ್ನೊಂದು ಕಡೆ ಹಾಕಿ ಗೆರೆ ಎಳೆದರೆ ಬಾವಿಯ ಆಕಾರ ಬರುತ್ತೆ. ಎರಡು ಕಡೆ ದಡ ಎತ್ತರ, ನಡುವೆ 4.5ರಲ್ಲಿ ತಳ. ನಾನು ತಳ ದಾಟಿ ಆಚೆ ದಡ ಹತ್ತಿದ್ದೆ. ಅಕ್ಕ ಹೇಳಿದ "ಹಿಂದಕ್ಕೆ ಬಾ" ಅಂದರೆ ಕ್ಷಾರ ಹಾಕಿ ಮತ್ತೆ ತಳಕ್ಕೆ ಇಳಿ ಅಂತ. ಹಾಕಿದೆ. ಚೂರುಗಳು ವಾಪಸ್ ಬಂದವು. ಆದರೆ ಪುಕ್ಕಟೆ ಅಲ್ಲ. ಆಸಿಡ್, ಕ್ಷಾರ ಎರಡೂ ಸೇರಿ ಉಪ್ಪಾಗುತ್ತೆ. ಆ ಉಪ್ಪು ತೊಳೆಯಲು ಇನ್ನೆರಡು ಸಲ ನೀರು ಬೇಕಾಯಿತು.

ಸೊನ್ನೆ ಅಂದರೆ ವಿದ್ಯುದಂಶವೇ ಇಲ್ಲ ಅಂತ ನಾನು ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಂಡಿದ್ದೆ. ಹಾಗಲ್ಲ. ಆರು ಮೈನಸ್ಸೂ ಇದೆ, ಆರು ಪ್ಲಸ್ಸೂ ಇದೆ. ಕೂಡಿದರೆ ಸೊನ್ನೆ, ಅಷ್ಟೇ. ಒಂದರ ಪ್ಲಸ್ಸು ಇನ್ನೊಂದರ ಮೈನಸ್ಸನ್ನು ಹಿಡಿದುಕೊಳ್ಳುವುದರಿಂದಲೂ ಗುಂಪು ಕಟ್ಟುತ್ತೆ.

ಹಾಗಾದರೆ ಹಾಲಿಗೆ ನಿಂಬೆಹಣ್ಣು ಜಾಸ್ತಿ ಹಿಂಡಿದರೆ ಪನೀರ್ ಯಾಕೆ ಕರಗಲ್ಲ? ಅಡುಗೆಮನೆ ಹೋಲಿಕೆ ಕೈಕೊಡುವುದು ಇಲ್ಲಿ. ಒಂದು, ಅಲ್ಲಿ ಹಾಲು ಕುದಿಯುತ್ತಿರುತ್ತೆ. ಬಿಸಿಗೆ ಹಾಲಿನ ಪ್ರೋಟೀನುಗಳು ಬಿಚ್ಚಿಕೊಂಡು ಒಂದಕ್ಕೊಂದು ಗಟ್ಟಿಯಾಗಿ ಹೆಣೆದುಕೊಳ್ಳುತ್ತವೆ. ಎರಡು, ನಿಂಬೆರಸದ ಪಿಎಚ್ಚೇ 2ರ ಮೇಲಿದೆ. ಪಾತ್ರೆ ತುಂಬಾ ಹಾಲನ್ನು ಆಚೆ ದಡಕ್ಕೆ ಎಳೆಯಲು ಒಂದೆರಡು ಹಣ್ಣಿನಿಂದ ಆಗಲ್ಲ. ನನ್ನ ಬೀಕರ್ ತಣ್ಣಗಿತ್ತು, ಕೈಯಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇತ್ತು.

ಈಗ ಮಾಡುವ ಉಪಾಯ: 5.5ರ ತನಕ ಒಂದು ನಾರ್ಮಲ್ (ಆಸಿಡ್ ಎಷ್ಟು ಗಾಢ ಅನ್ನುವ ಅಳತೆ) ಆಸಿಡ್. ಅಲ್ಲಿಂದ ಮುಂದೆ ಅದಕ್ಕಿಂತ ಹತ್ತು ಪಟ್ಟು ತೆಳುವಾದ 0.1 ನಾರ್ಮಲ್, ಹನಿ ಹನಿಯಾಗಿ. ಪ್ರತಿ ಹನಿಗೂ ಕದಡಿ, ಮೀಟರಿನ ಅಂಕಿ ನಿಲ್ಲುವ ತನಕ ಕಾಯಿರಿ. ಎಲೆಕ್ಟ್ರೋಡಿಗೆ ಪ್ರೋಟೀನ್ ಮೆತ್ತಿಕೊಂಡರೆ ಅಂಕಿ ನಿಧಾನವಾಗಿ ಬರುತ್ತೆ. ನಾನು ಮೋಸ ಹೋಗಿದ್ದು ಅಲ್ಲೇ. ಮೀಟರ್ 4.9 ತೋರಿಸುತ್ತಿದ್ದಾಗ ನಿಜವಾದ ಪಿಎಚ್ ಆಗಲೇ ಕೆಳಗೆ ಹೋಗಿತ್ತು.

ಎಷ್ಟು ಸಿಕ್ಕಿತು ಅನ್ನುವ ಲೆಕ್ಕ

"100 ಗ್ರಾಂ ಹಿಟ್ಟಿನಿಂದ 16 ಗ್ರಾಂ ಪುಡಿ ಬಂತು, ಅಂದರೆ 16 ಶೇಕಡಾ" ಅಂತ ಇಳುವರಿ ಬರೆದರೆ ಲೆಕ್ಕ ತಪ್ಪು. ಪುಡಿಯನ್ನು ಹಿಟ್ಟಿಗೆ ಹೋಲಿಸಬೇಡಿ, ಪ್ರೋಟೀನನ್ನು ಪ್ರೋಟೀನಿಗೆ ಹೋಲಿಸಿ. ಲೆಕ್ಕಕ್ಕೆಂದು ಹಿಡಿದ ಅಂಕಿಗಳು: ಹಿಟ್ಟಿನಲ್ಲಿ ಶೇ. 24 ಪ್ರೋಟೀನ್, ಅಂದರೆ 24 ಗ್ರಾಂ. ಪುಡಿ 16 ಗ್ರಾಂ, ಅದರಲ್ಲಿ ಶೇ. 84 ಪ್ರೋಟೀನ್, ಅಂದರೆ 13.44 ಗ್ರಾಂ. 13.44 ಭಾಗಿಸು 24, ಶೇ. 56. ಶುದ್ಧತೆ 84, ಇಳುವರಿ 56. ಇವೆರಡೂ ಬೇರೆ ಬೇರೆ.

ಉಳಿದ 44 ಎಲ್ಲಿ ಹೋಯಿತು? ಸ್ವಲ್ಪ ಪಿಷ್ಟದ ಜೊತೆ ತಳದಲ್ಲೇ ಉಳಿಯಿತು. ಸ್ವಲ್ಪ ಕೊನೆಯ ತಿಳಿ ನೀರಿನಲ್ಲಿ ಹೋಯಿತು. ಯಾಕೆಂದರೆ 4.5ರಲ್ಲಿ ಬೀಳುವುದು ಹೆಚ್ಚಾಗಿ ಕಾಳಿನ ಮುಖ್ಯ ಪ್ರೋಟೀನ್ ಗುಂಪಾದ ಗ್ಲೋಬ್ಯುಲಿನ್‌ಗಳು. ಆಲ್ಬ್ಯುಮಿನ್‌ಗಳು ಅನ್ನುವ ಇನ್ನೊಂದು ಗುಂಪು ಅಲ್ಲೂ ಕರಗಿಕೊಂಡೇ ಇರುತ್ತೆ. ಟ್ರಿಪ್ಸಿನ್ ಇನ್‌ಹಿಬಿಟರ್‌ಗಳಲ್ಲಿ ಬಹುಪಾಲು ಈ ಗುಂಪಿನವೇ. ಹಾಗಾಗಿ ನಷ್ಟ ಪೂರ್ತಿ ನಷ್ಟವಲ್ಲ.

ಪ್ರೋಟೀನ್ ಅಳೆಯುವುದು ಕೆಲ್ಡಾಲ್ ವಿಧಾನದಲ್ಲಿ. 1883ರಿಂದ ಇದೆ. ಅದು ಅಳೆಯುವುದು ಸಾರಜನಕವನ್ನು, ಪ್ರೋಟೀನನ್ನಲ್ಲ. ಪ್ರೋಟೀನಿನಲ್ಲಿ ಶೇ. 16 ಸಾರಜನಕ ಅಂತ ಹಿಡಿದು 6.25ರಿಂದ ಗುಣಿಸುತ್ತೇವೆ. ಗೋಧಿಗೆ 5.7. ಯಾವುದರಿಂದ ಗುಣಿಸಿದೆ ಅಂತ ರೆಕಾರ್ಡಿನಲ್ಲಿ ಬರೆಯಿರಿ, ವೈವಾದಲ್ಲಿ ಕೇಳುತ್ತಾರೆ.

ಉಳಿದದ್ದು ಚುಟುಕಾಗಿ

ಪ್ರೋಟೀನ್ ಪುಡಿಗಳಲ್ಲಿ ಕಾನ್ಸಂಟ್ರೇಟ್, ಐಸೊಲೇಟ್ ವ್ಯತ್ಯಾಸ: ಸೋಯಾದಲ್ಲಿ ಪ್ರೋಟೀನ್ ಒಣತೂಕಕ್ಕೆ ಶೇ. 65 ದಾಟಿದರೆ ಕಾನ್ಸಂಟ್ರೇಟ್, 90 ದಾಟಿದರೆ ಐಸೊಲೇಟ್. ಮಜಾ ಏನೆಂದರೆ, ಕಾನ್ಸಂಟ್ರೇಟ್ ಮಾಡಲೂ ಅದೇ 4.5 ಬಳಸಬಹುದು, ಆದರೆ ಉಲ್ಟಾ. ಹಿಟ್ಟನ್ನೇ 4.5ರ ನೀರಿನಲ್ಲಿ ತೊಳೆದರೆ ಪ್ರೋಟೀನ್ ಕರಗದೆ ಹಿಟ್ಟಿನಲ್ಲೇ ಕೂರುತ್ತೆ, ಸಕ್ಕರೆಗಳು ತೊಳೆದುಹೋಗುತ್ತವೆ. ಕಾಳು ತಿಂದರೆ ಹೊಟ್ಟೆ ಉಬ್ಬರಿಸುವ ರಾಫಿನೋಸ್, ಸ್ಟಾಕಿಯೋಸ್ ಹೋಗುವುದು ಹೀಗೇ.

ಸೋಯಾ ಚಂಕ್ಸ್, ಅಂದರೆ ಅಂಗಡಿಯಲ್ಲಿ ಮೀಲ್ ಮೇಕರ್ ಅಂತ ಕೇಳುವುದು, ಐಸೊಲೇಟ್ ಅಲ್ಲ. ಎಣ್ಣೆ ತೆಗೆದ ಸೋಯಾ ಹಿಟ್ಟಿಗೆ ನೀರು ಸೇರಿಸಿ ಎಕ್ಸ್‌ಟ್ರೂಡರಿನಲ್ಲಿ ಬಿಸಿ ಮತ್ತು ಒತ್ತಡ ಕೊಟ್ಟು ಸಣ್ಣ ತೂತಿನಿಂದ ಹೊರಗೆ ದೂಡುತ್ತಾರೆ. ಹೊರಗೆ ಬಂದ ಕೂಡಲೇ ನೀರು ಆವಿಯಾಗಿ ಹಾರುತ್ತೆ, ತುಂಡು ಸ್ಪಂಜಿನಂತೆ ಉಬ್ಬುತ್ತೆ.

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡಲೆಕಾಯಿ ಪ್ರೋಟೀನಿನ ಐಸೊಲೇಟನ್ನು ಹಾಲಿಗೆ ಸೇರಿಸಿ ಮಿಲ್ಟೋನ್ ಅಂತ ಮಾಡಿತ್ತು. ಹಾಲು ಹಿಗ್ಗಿಸುವ ಉಪಾಯ. ಅಲ್ಲಿ ಪುಡಿ ಹಾಲಿನಲ್ಲಿ ಕರಗಿ ನಿಂತಿದ್ದಕ್ಕೆ ಕಾರಣ ಈಗ ನೀವೇ ಹೇಳಬಹುದು: ಹಾಲಿನ ಪಿಎಚ್ 6.6ರ ಹತ್ತಿರ, ಬಾವಿಯ ತಳದಿಂದ ದೂರ.

ಕಾಫಿ ಲೋಟದಲ್ಲಿ ಅದೇ ಪಾಠ

ಭಾನುವಾರ ಮನೆಗೆ ಹೋಗಿದ್ದೆ. ಪೇಟೆಯಿಂದ ತಂದ ಸೋಯಾ ಹಾಲನ್ನು ಸಕಲೇಶಪುರದ ಕಡೆಯ ಪುಡಿಯ ಬಿಸಿ ಡಿಕಾಕ್ಷನ್ನಿಗೆ ಸುರಿದೆ. ಒಡೆದುಹೋಯಿತು. ಲೋಟದಲ್ಲಿ ನನ್ನ ಬೀಕರಿನದೇ ಚೂರುಗಳು.

"ಹಾಳು ಹಾಲು ತಂದಿದ್ದೀಯ ನೋಡು," ಅಂದರು ಅಮ್ಮ.

ಹಾಲು ಹಾಳಾಗಿರಲಿಲ್ಲ. ಕಾಫಿಯ ಪಿಎಚ್ 5ರ ಆಸುಪಾಸು, ಸೋಯಾ ಪ್ರೋಟೀನಿನ ತಳ 4.5. ಹತ್ತಿರ ಹೋಗಿದ್ದೇ ತಡ, ಮೇಲೆ ಬಿಸಿಯೂ ಸೇರಿತು. ಕಾಫಿಗೆಂದೇ ಮಾಡುವ ಸಸ್ಯದ ಹಾಲುಗಳಲ್ಲಿ ಡೈಪೊಟ್ಯಾಸಿಯಂ ಫಾಸ್ಫೇಟ್ ಹಾಕಿರುತ್ತಾರೆ. ಪಿಎಚ್ ಬೀಳದಂತೆ ಅದು ಹಿಡಿದಿಡುತ್ತೆ. ನಮ್ಮ ಮನೆಯಲ್ಲಿ ಅದು ಇರಲಿಲ್ಲ. ಎರಡನೇ ಲೋಟಕ್ಕೆ ಹಾಲನ್ನು ಮೊದಲೇ ಬೆಚ್ಚಗೆ ಮಾಡಿ, ಡಿಕಾಕ್ಷನ್ ಕಡಿಮೆ ಮಾಡಿ, ಸ್ವಲ್ಪ ಆರಿಸಿ, ಹಾಲಿಗೆ ಡಿಕಾಕ್ಷನ್ನನ್ನು ನಿಧಾನಕ್ಕೆ ಹಾಕಿದೆ. ಒಡೆಯಲಿಲ್ಲ. ಅಮ್ಮ ಒಂದು ಗುಟುಕು ಕುಡಿದು, ಲೋಟ ಪಕ್ಕಕ್ಕಿಟ್ಟು, ತಮಗೆ ಹಸುವಿನ ಹಾಲು ಕಾಯಿಸಲು ಎದ್ದರು.