ಗ್ಯಾಸಾ, ಹಾರ್ಟಾ? ಈ ಚರ್ಚೆ ಇವತ್ತಿನದ್ದಲ್ಲ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಊಟ ಆದ್ಮೇಲೆ ಯಾರಾದ್ರೂ ಎದೆ ಹಿಡ್ಕೊಂಡ್ರೆ ಮೊದ್ಲು ಜೀರಿಗೆ ಕಷಾಯ, ಆಮೇಲೆ ಗ್ಯಾಸಿನ ಮಾತ್ರೆ, ಅದಕ್ಕೂ ಬಗ್ಗದಿದ್ರೆ ಮಂಗ್ಳೂರಿಗೆ ಕಾರು, ಕಾರಲ್ಲಿ ತಲಪಾಡಿ ದಾಟುವ ತನಕ ಗ್ಯಾಸಾ ಹಾರ್ಟಾ ಅಂತ ಚರ್ಚೆ. ಡಾಕ್ಟ್ರುಗಳಲ್ಲೂ ಇದು ಇನ್ನೂರೈವತ್ತು ವರ್ಷದಿಂದ ಉಂಟು ಮಾರಾಯ್ರೆ.

1772ರಲ್ಲಿ ಲಂಡನಿನ ವಿಲಿಯಂ ಹೆಬರ್ಡನ್ ಆಂಜೈನಾ, ಅಂದ್ರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವಿನ ಬಗ್ಗೆ ಬರೆದದ್ದು ಅಚ್ಚಾಯ್ತು, ನಡೆಯುವಾಗ, ಅದ್ರಲ್ಲೂ ಏರು ಹತ್ತುವಾಗ, ಉಂಡ ಸ್ವಲ್ಪ ಹೊತ್ತಲ್ಲೇ ನಡೆದ್ರೆ ಎದೆ ಹಿಂಡ್ತದೆ ಅಂತ ಅದ್ರಲ್ಲೇ ಉಂಟು. ಊಟದ ಮಾತು ಆವಾಗ್ಲೇ ಬಂತು ನೋಡಿ. 1912ರಲ್ಲಿ ಜರ್ಮನಿಯ ಲುಡ್ವಿಗ್ ರೋಮ್‌ಹೆಲ್ಡ್ ಹೊಟ್ಟೆ ಉಬ್ಬಿದ್ರೆ ಎದೆ ಡವಡವ ಅನ್ನೋದಕ್ಕೆ ಕಾರಣ ಹುಡುಕಿದ್ರು, ಆ ತೊಂದ್ರೆಗೆ ಈಗ್ಲೂ ಅವ್ರದ್ದೇ ಹೆಸ್ರು.

ನರಗಳ ಲೆಕ್ಕ ಹೀಗೆ. ಹೃದಯದ್ದೂ ಅನ್ನನಾಳದ್ದೂ ನೋವು ಹೊರುವ ನರಗಳು ಬೆನ್ನುಹುರಿಯಲ್ಲಿ ಹೆಚ್ಚುಕಮ್ಮಿ ಒಂದೇ ಜಾಗಕ್ಕೆ ಬಂದು ಸೇರ್ತವೆ, ಹಾಗಾಗಿ ನೋವು ಯಾರದ್ದು ಅಂತ ಮೆದುಳಿಗೆ ಸರಿಯಾಗಿ ಗೊತ್ತಾಗೋದಿಲ್ಲ. ಅದ್ರ ಮೇಲೆ ಮೆದುಳಿಂದ ಎದೆ, ಹೊಟ್ಟೆಗೆ ಇಳಿಯುವ ವೇಗಸ್ ನರ ಇಬ್ರಿಗೂ ಕೊಂಬೆ ಕೊಟ್ಟಿದೆ.

ಬರೀ ಗೊಂದಲವಾ, ಇಲ್ಲ ಒಂದು ಇನ್ನೊಂದನ್ನ ನಿಜವಾಗ್ಲೂ ಕೆಣಕ್ತದಾ? ಇದಕ್ಕೆ ನಂಗೆ ತುಂಬಾ ಹಿಡಿಸಿದ ಉತ್ತರ 1996ರದ್ದು, ಇಂಗ್ಲೆಂಡಿನ ಪ್ಯಾಪ್‌ವರ್ತ್ ಆಸ್ಪತ್ರೆಯ ಡಾಕ್ಟ್ರುಗಳದ್ದು. ಹೃದಯದ ರಕ್ತನಾಳದ ಕಾಯಿಲೆ ಇದ್ದವ್ರ ಅನ್ನನಾಳಕ್ಕೆ ಟ್ಯೂಬಲ್ಲಿ ತೆಳು ಆಸಿಡ್ ಬಿಟ್ಟು, ಅದೇ ಹೊತ್ತಿಗೆ ಹೃದಯದ ರಕ್ತನಾಳದ ಹರಿವು ಅಳೆದ್ರು, ಹರಿವು ಇಳಿಯಿತು. ಹಾರ್ಟ್ ಟ್ರಾನ್ಸ್‌ಪ್ಲಾಂಟ್ ಆದವ್ರಲ್ಲಿ ಅದನ್ನೇ ಮಾಡಿದ್ರೆ ಹರಿವು ಬದಲಾಗ್ಲೇ ಇಲ್ಲ, ಯಾಕಂದ್ರೆ ಕಸಿ ಮಾಡುವಾಗ ಹೃದಯದ ನರ ಕತ್ತರಿಸಿರ್ತಾರೆ! ಸಂದೇಶ ಹೋಗೋದು ನರದ ದಾರಿಯಲ್ಲೇ ಅಂತ ಹೇಳ್ಲಿಕ್ಕೆ ಇದಕ್ಕಿಂತ ಚಂದದ ಪುರಾವೆ ಬೇಕಾ?

ಹಾಗಂತ ಹುಳಿತೇಗು ಬಂದವ್ರಿಗೆಲ್ಲ ಹಾರ್ಟ್ ಅಟ್ಯಾಕ್ ಅಂತಲ್ಲ, ಅಷ್ಟು ದೂರ ಎಳೀಬೇಡಿ. ಹೃದಯದಲ್ಲಿ ಮೊದ್ಲೇ ತೊಂದ್ರೆ ಇದ್ದವ್ರ ಮೇಲೆ ಮಾಡಿದ್ದು ಅದು.

ಯಾವ ಮಾತ್ರೆಗೆ ನೋವು ಇಳೀತು ಅಂತ ನೋಡಿ ತೀರ್ಮಾನ ಮಾಡ್ಲಿಕ್ಕೂ ಆಗೋದಿಲ್ಲ. ಹಾರ್ಟಿನ ನೋವಿಗೆ ಅಂತ ನಾಲಗೆ ಅಡಿಗೆ ಇಡುವ ನೈಟ್ರೋಗ್ಲಿಸರಿನ್ ಮಾತ್ರೆ ಅನ್ನನಾಳದ ಸೆಳೆತವನ್ನೂ ಸಡಿಲ ಮಾಡ್ತದೆ, ಗ್ಯಾಸಿನ ಔಷಧಿ ಕುಡಿದ ಮೇಲೆ ಹಾರ್ಟಿನ ನೋವು ತನ್ನಷ್ಟಕ್ಕೆ ಇಳಿಯೋದೂ ಉಂಟು. ಅದಕ್ಕೇ ಕ್ಯಾಶುವಾಲ್ಟಿಯಲ್ಲಿ ನೀವು ತೇಗು ಬಂತು, ಹಗುರಾಯ್ತು ಅಂತ ಎಷ್ಟೇ ಹೇಳಿದ್ರೂ ಮೊದ್ಲು ಇಸಿಜಿ, ಹೃದಯದ ಸ್ನಾಯುವಿಗೆ ಪೆಟ್ಟಾಗಿದ್ರೆ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ, ಬೇಕಿದ್ರೆ ಕೆಲವು ಗಂಟೆ ಬಿಟ್ಟು ಇನ್ನೊಂದ್ಸಲ, ಗಂಟಲಿಂದ ಕ್ಯಾಮೆರಾ ಇಳಿಸಿ ನೋಡುವ ಎಂಡೋಸ್ಕೋಪಿ ವಿಷಯ ಅದಾದ್ಮೇಲೆ.